ಆಮ್‌ಸ್ಟರ್‌ಡ್ಯಾಮಿನ ಉಡಿಯಕ್ಕಿ

ಮುಧೋಳ, ಹೊರಡುವ ಮುಂಚೆ

ಮೂವತ್ತಮೂರು ವರ್ಷ ನಾನು ಭೂಗೋಳ ಕಲಿಸಿದೆ. ಜಗತ್ತಿನ ರಾಜಧಾನಿಗಳನ್ನೆಲ್ಲ ಮಕ್ಕಳಿಗೆ ಬಾಯಿಪಾಠ ಮಾಡಿಸಿದೆ. ನಾನು ಕಂಡ ಅತಿ ದೂರದ ಊರು ಮಾತ್ರ ಮುಂಬೈ, ಅದೂ ಕಣ್ಣಿನ ಆಪರೇಷನ್ನಿಗೆ ಹೋದಾಗ, ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು. ನಿವೃತ್ತಿಯ ದಿನ ಶಾಲೆಯವರು ಹಾರ ಹಾಕಿ, ಶಾಲು ಹೊದಿಸಿ, ಒಂದು ಗ್ಲೋಬು ಕೊಟ್ಟರು. ಮನೆಗೆ ತಂದು ಟೇಬಲ್ಲಿನ ಮೇಲೆ ಇಟ್ಟೆ. ಪದ್ಮಾ ಅದನ್ನು ಬೆರಳಿನಿಂದ ಗರಗರ ತಿರುಗಿಸಿ, "ಬರೇ ತಿರುಗ್ಸೂದ ಆತಲ್ಲ, ಒಮ್ಮೆ ಹೋಗಿ ನೋಡೂಣು" ಅಂದಳು. ಈ ಪ್ರವಾಸ ಶುರುವಾದದ್ದು ಹೀಗೆ.

ನನ್ನ ಹೆಸರು ಮಾಯಕ್ಕ. ರನ್ನ ಬೆಳಗಲಿಯ ಕುರಿ ಕಾಯುವವರ ಮನೆಯವಳು, ಬೀರಪ್ಪ ದೇವರ ಒಕ್ಕಲು. ಪದ್ಮಾ, ಅಂದರೆ ಪದ್ಮಾವತಿ, ತೇರದಾಳದ ಜೈನರ ಮನೆಯವಳು. ಸರಕಾರಿ ದವಾಖಾನೆಯಲ್ಲಿ ನರ್ಸ್ ಆಗಿದ್ದಳು. ಬಾಗಲಕೋಟೆ ಹೊಸದಾಗಿ ಜಿಲ್ಲೆಯಾದ ವರ್ಷ ಅವಳಿಗೆ ಅನಗವಾಡಿಗೆ ವರ್ಗವಾಯಿತು. ಆಗ ನಾನು ಅಲ್ಲಿಯ ಶಾಲೆಯಲ್ಲಿದ್ದೆ, ಪರಿಚಯವಾಯಿತು. ಮುಂದೆ ನನ್ನನ್ನು ಮುಧೋಳಕ್ಕೆ ಹಾಕಿದರು. ಆಲಮಟ್ಟಿ ಡ್ಯಾಮಿನ ಹಿನ್ನೀರು ಏರತೊಡಗಿದಾಗ ಹೊಳೆದಂಡೆಯಲ್ಲಿ ಅವಳು ಬಾಡಿಗೆಗಿದ್ದ ಮನೆ ಮುಳುಗಡೆಗೆ ಹೋಯಿತು. "ಬ್ಯಾರೆ ಮನಿ ಸಿಗೂತನಕ ನಾಕ ದಿನ ಇರ್ತೀನಿ" ಎಂದು ಒಂದು ಟ್ರಂಕು, ಒಂದು ಸ್ಟೋವು ಹಿಡಿದು ನನ್ನ ಮನೆಗೆ ಬಂದಳು. ಆ ನಾಲ್ಕು ದಿನ ಇನ್ನೂ ಮುಗಿದಿಲ್ಲ.

ನಾವಿಬ್ಬರೂ ಒಬ್ಬರಿಗೊಬ್ಬರು ಏನು ಎಂದು ಓಣಿಯಲ್ಲಿ ಯಾರೂ ಕೇಳಲಿಲ್ಲ. ಕೇಳುವ ಜರೂರು ಬೀಳಲಿಲ್ಲ. ನಮ್ಮ ಕಡೆ ಕಲಿಸುವ ಹೆಂಗಸಿಗೆ ‘ಅಕ್ಕೋರು’ ಅನ್ನುತ್ತಾರೆ, ನರ್ಸಿಗೆ ‘ಸಿಸ್ಟರ್’ ಅನ್ನುತ್ತಾರೆ. ಸಾಲದ್ದಕ್ಕೆ ನನ್ನ ಹೆಸರಿನಲ್ಲೇ ಒಬ್ಬ ಅಕ್ಕ ಕೂತಿದ್ದಾಳೆ. ಒಂದೇ ಮನೆಯಲ್ಲಿ ಅಕ್ಕೋರೂ ಸಿಸ್ಟರೂ ಇದ್ದ ಮೇಲೆ ಜನ ತಾವೇ ಅಕ್ಕ-ತಂಗಿ ಮಾಡಿಬಿಟ್ಟರು. ರೇಷನ್ ಕಾರ್ಡು ಬರೆಯುವವನೂ ಸಂಬಂಧದ ಕಾಲಮಿನಲ್ಲಿ ‘ತಂಗಿ’ ಎಂದು ಬರೆದ. ಜಾತಿ ಬೇರೆ, ಧರ್ಮ ಬೇರೆ, ಮೂಗು ಬೇರೆ, ಆದರೂ ತಂಗಿ. ಮಕ್ಕಳ ತಪ್ಪು ತಿದ್ದುವುದೇ ನನ್ನ ಕಸುಬಾದರೂ ಅದೊಂದನ್ನು ನಾನು ತಿದ್ದಲಿಲ್ಲ. ಮಂದಿಯ ಮುಂದೆ ನಾನೂ ಅವಳನ್ನು ‘ಸಿಸ್ಟರ್’ ಎಂದೇ ಕರೆದೆ, ಅವಳೂ ನನ್ನನ್ನು ‘ಅಕ್ಕೋರ’ ಎಂದಳು.

ಒಂದೇ ಒಂದು ಕಡೆ ಅದು ಚುಚ್ಚುತ್ತಿತ್ತು. ಮದುವೆಯಿರಲಿ, ಬಸುರಿಯ ಕುಬಸವಿರಲಿ, ಹೊಸ ಮನೆಯಿರಲಿ, ಕಡೆಗೆ ಬಂದ ಮುತ್ತೈದೆಯರಿಗೆ ಉಡಿ ತುಂಬುತ್ತಾರೆ. ಅವರು ಸೆರಗನ್ನು ಮುಂದೆ ಮಾಡಿ ಹಿಡಿಯುತ್ತಾರೆ, ಅದರೊಳಗೆ ಅಕ್ಕಿ, ಕೊಬ್ಬರಿ, ಉತ್ತತ್ತಿ, ಅರಿಷಿಣ ಬೇರು, ಕುಪ್ಪಸದ ಖಣ ಹಾಕುತ್ತಾರೆ. ಆ ಉಡಿಯಕ್ಕಿಯನ್ನು ಚೆಲ್ಲದೆ ಮನೆಗೆ ಒಯ್ದು, ಹುಗ್ಗಿ ಮಾಡಿ ಉಣ್ಣಬೇಕು. ನಮ್ಮಿಬ್ಬರ ಸರದಿ ಬಂದಾಗ ಹಣೆಗೆ ಕುಂಕುಮ ಹಚ್ಚಿ, ಕೈಗೆ ಒಂದು ಬಾಳೆಹಣ್ಣು ಕೊಟ್ಟು, "ಅಕ್ಕೋರ, ನೀವು ಊಟಕ್ಕ ನಡೀರಿ" ಅನ್ನುತ್ತಿದ್ದರು. ಮದುವೆಯಾಗದವರಿಗೆ ಉಡಿ ಇಲ್ಲ. ನನಗೆ ಸಿಟ್ಟು ಬರುತ್ತಿತ್ತು. ಪದ್ಮಾ ಸುಮ್ಮನೆ ಬಾಳೆಹಣ್ಣು ಸುಲಿದು ಅರ್ಧ ನನಗೆ ಕೊಡುತ್ತಿದ್ದಳು.

ಎಲ್ಲಿಗೆ ಹೋಗಬೇಕೆಂದು ಎರಡು ತಿಂಗಳು ಗುದ್ದಾಡಿದೆವು. ನನಗೆ ಬೇಕಾಗಿದ್ದು ದೊಡ್ಡ ಊರು, ಹಳೆಯ ಊರು. ಚಿತ್ರ, ಸಂಗೀತ, ಕಟ್ಟಡ ಎಲ್ಲ ಇದ್ದ ಊರು. ಪದ್ಮಾಳ ಬೇಡಿಕೆ ಬೇರೆ ಇತ್ತು. "ನಾವಿಬ್ರೂ ಕೈ ಹಿಡಕೊಂಡ ಅಡ್ಡಾಡಿದ್ರ ಇಲ್ಲೂ ಯಾರೂ ಏನೂ ಅನ್ನೂದಿಲ್ಲ. ಆದ್ರ ಇಲ್ಲಿ ತಪ್ಪ ತಿಳಕೊಂಡ ಸುಮ್ನ ಇರ್ತಾರ. ಸರಿ ತಿಳಕೊಂಡೂ ಸುಮ್ನ ಇರೂ ಊರ ಯಾವ್ದೈತಿ, ಅದನ್ನ ಹುಡುಕು" ಅಂದಳು.

ನನ್ನ ಹತ್ತಿರ ಒಂದು ಲ್ಯಾಪ್‌ಟಾಪ್ ಇತ್ತು. ಹುಡುಕುವುದಕ್ಕಿಂತ ಮೊದಲು, ಹುಡುಕಿದ್ದನ್ನು ಅಳಿಸುವುದು ಹೇಗೆಂದು ಕಲಿತೆ. ಜಮಖಂಡಿಯ ತಮ್ಮನ ಮಗ ಬಂದಾಗಲೆಲ್ಲ ಅದನ್ನು ತೆಗೆದು ಕೂಡುತ್ತಿದ್ದ. ಪೇಪರಿನಲ್ಲಿ ‘ಸಲಿಂಗಿ’ ಎಂಬ ಶಬ್ದ ಓದಿದ್ದೆ. ಆಗ ಕಾನೂನು ನಮ್ಮಂಥವರ ಕಡೆ ಇರಲಿಲ್ಲ, ಅದರದೇ ಸುದ್ದಿ ನಡೆದಿತ್ತು. ಆ ಶಬ್ದ ನಮಗೆ ಹೊರಗಿನವರು ಯಾರೋ ಇಟ್ಟ ಹೆಸರಿನಂತೆ ಇತ್ತು, ಕರೆದರೆ ‘ಓ’ ಅನ್ನಲು ಬಾಯಿ ಬರುತ್ತಿರಲಿಲ್ಲ. ಆದರೆ ಅದನ್ನೇ ಇಂಗ್ಲಿಷಿನಲ್ಲಿ ಹೊಡೆದು ಪಕ್ಕಕ್ಕೆ ಊರಿನ ಹೆಸರು ಸೇರಿಸಿದರೆ, ಎಲ್ಲಿ ನಮ್ಮಂಥವರು ಹೇಗೆ ಬಾಳುತ್ತಾರೆ, ಯಾವ ಹೋಟೆಲಿನಲ್ಲಿ ಮರ್ಯಾದೆಯಿಂದ ಕೋಣೆ ಕೊಡುತ್ತಾರೆ ಎಂದು ಪುಟಗಟ್ಟಲೆ ಬರುತ್ತಿತ್ತು. ಎಲ್ಲವನ್ನೂ ಇನ್ನೂರು ಪುಟದ ನೋಟಬುಕ್ಕಿನಲ್ಲಿ ಬರೆದುಕೊಂಡೆ, ನಕಾಶೆ ತೆಗೆದು ಬಣ್ಣವನ್ನೂ ತುಂಬಿದೆ.

ಕಡೆಗೆ ಆಮ್‌ಸ್ಟರ್‌ಡ್ಯಾಮ್ ಎಂದು ನಿಕ್ಕಿಯಾಯಿತು. "ಮನಿ ಮುಳುಗಿಸಿದ್ದ ಡ್ಯಾಮು, ಮತ್ತ ಹುಡುಕ್ಕೊಂಡ ಡ್ಯಾಮಿಗೇ ಹೋಗೂದೇನ?" ಎಂದು ಪದ್ಮಾ ನಕ್ಕಳು. ಆಮ್‌ಸ್ಟೆಲ್ ಎಂಬ ಹೊಳೆಗೆ ಹಿಂದೆ ಕಟ್ಟಿದ ಡ್ಯಾಮಿನಿಂದಲೇ ಆ ಊರಿಗೆ ಹೆಸರು ಬಂತೆಂದು ನಾನು ಪಾಠ ಹೇಳಿದೆ. ಹೆಣ್ಣು ಹೆಣ್ಣಿನ ಮದುವೆಗೆ ಜಗತ್ತಿನಲ್ಲಿ ಮೊದಲು ಒಪ್ಪಿಗೆ ಕೊಟ್ಟದ್ದು ಅದೇ ದೇಶ ಎಂದಾಗ ಅವಳು ಗ್ಲೋಬು ತಿರುಗಿಸುವುದನ್ನು ನಿಲ್ಲಿಸಿದಳು.

ಹೋಟೆಲಿಗೆ ನಾನೇ ಮೇಲ್ ಬರೆದೆ. ‘ನಾವು ಇಬ್ಬರು ಹೆಂಗಸರು, ಹದಿನೈದು ವರ್ಷದಿಂದ ಒಂದೇ ಸಂಸಾರ. ಒಂದು ದೊಡ್ಡ ಮಂಚದ ಕೋಣೆ ಕೊಡಲು ನಿಮಗೆ ಅಡ್ಡಿಯಿದೆಯೇ?’ ಕಳಿಸುವ ಮೊದಲು ಎದ್ದು ಹೋಗಿ ಬಾಗಿಲ ಅಗಳಿ ಹಾಕಿ ಬಂದೆ. ಅರ್ಧ ತಾಸಿನಲ್ಲಿ ಉತ್ತರ ಬಂತು: ಅಡ್ಡಿ ಏನೂ ಇಲ್ಲ, ಆದರೆ ನಮ್ಮಲ್ಲಿ ಮೆಟ್ಟಿಲು ಬಹಳ ಕಡಿದು, ನಿಮ್ಮಿಬ್ಬರ ಮೊಣಕಾಲು ಗಟ್ಟಿಯಿವೆಯೇ? ಪದ್ಮಾ ಅದನ್ನು ಎರಡು ಸಲ ಓದಿಸಿಕೊಂಡಳು. "ಮೊಣಕಾಲ ಕೇಳ್ಯಾರ, ಮದವಿ ಕೇಳಿಲ್ಲ" ಅಂದಳು.

ಹೊರಡುವ ಮುನ್ನಾದಿನ ನಾವು ಒಂದು ಕರಾರು ಮಾಡಿಕೊಂಡೆವು. ಅಲ್ಲಿರುವಷ್ಟು ದಿನ ಅಕ್ಕ-ತಂಗಿ ಅನ್ನಬಾರದು. ನಾನು ಅಂದರೆ ಬೀರಪ್ಪನಿಗೆ ಐದು ಕಾಯಿ, ಅವಳು ಅಂದರೆ ಬಸದಿಗೆ ಒಂದು ಸೇರು ತುಪ್ಪ. ಪದ್ಮಾ ಇನ್ನೊಂದು ಮಾತು ಸೇರಿಸಿದಳು. "ಅಲ್ಲಿ ಮಂದಿಗೆ ಹೇಳೂದೇನ ದೊಡ್ಡದಲ್ಲ, ಅವ್ರಿಗೆ ನಾವ್ಯಾರು, ನಮಗ ಅವ್ರ್ಯಾರು. ನಮ್ಮ ಮಾತ ತಿಳಿಯೋರಿಗೆ ಒಬ್ರಿಗರೆ ಹೇಳಬೇಕ ನೋಡು. ಅಂದ್ರ ಹೇಳಿದಂಗ." ಹಾಲೆಂಡಿನಲ್ಲಿ ನಮ್ಮ ಮಾತು ತಿಳಿಯುವವರು ಎಲ್ಲಿ ಸಿಗಬೇಕು ಎಂಬ ಧೈರ್ಯದಲ್ಲಿ ನಾನು ಜೋರಾಗಿ ಹೂಂ ಅಂದೆ.

ಮೊದಲ ದಿನ: ಎರಡು ಮಂಚ

ಹೋಟೆಲು ಕಾಲುವೆಯ ದಂಡೆಯ ಒಂದು ಸಪೂರ ಮನೆ. ಬಾಗಿಲಿನ ಮೇಲೆ ಕಾಮನಬಿಲ್ಲಿನ ಬಾವುಟ. ಒಳಗೆ ಕೌಂಟರಿನ ಹಿಂದೆ ನೆತ್ತಿ ಚೌಕಟ್ಟಿಗೆ ತಾಗುವಷ್ಟು ಉದ್ದನೆಯ ಒಬ್ಬ ಯಜಮಾನ. ನಾನು ಫಾರ್ಮು ತುಂಬುತ್ತಿದ್ದೆ. ಪದ್ಮಾ ಇನ್ನೂ ಹೊರಗೆ ಚೀಲಗಳ ನಡುವೆ ನಿಂತು ಬಾವುಟ ನೋಡುತ್ತಿದ್ದಳು. ನಾನು ಪೆನ್ನು ಎತ್ತದೆ ಕೂಗಿದೆ: "ಸಿಸ್ಟರ್, ಒಳಗ ಬರ್ರಿ, ಸಹಿ ಮಾಡ್ಬೇಕಂತ."

"ಬಂದೆ ಅಕ್ಕೋರ" ಎಂದು ಅವಳು ಬಂದಳು.

ಯಜಮಾನ ಅವಳ ಮುಖ ನೋಡಿದ, ನನ್ನ ಮುಖ ನೋಡಿದ, ‘ಓ, ಸಿಸ್ಟರ್ಸ್’ ಎಂದು ನಕ್ಕು, ಕಂಪ್ಯೂಟರಿನಲ್ಲಿ ಏನೋ ಬದಲು ಮಾಡಿ ಬೇರೆ ಕೀಲಿ ಕೊಟ್ಟ. ಮೆಟ್ಟಿಲು ನಮ್ಮ ಅಟ್ಟದ ಏಣಿಯಷ್ಟೇ ಕಡಿದು. ಮೂರು ಮಜಲು ಉಸಿರು ಬಿಡುತ್ತ ಹತ್ತಿ ಬಾಗಿಲು ತೆಗೆದರೆ, ಈ ಗೋಡೆಗೆ ಒಂದು ಸಣ್ಣ ಮಂಚ, ಆ ಗೋಡೆಗೆ ಒಂದು ಸಣ್ಣ ಮಂಚ. ನಡುವೆ ಎಮ್ಮೆ ಕಟ್ಟುವಷ್ಟು ಜಾಗ. ಎರಡು ತಿಂಗಳು ನಕಾಶೆ ತೆಗೆದು, ಕದ ಹಾಕಿಕೊಂಡು ಮೇಲ್ ಬರೆದು ಗಿಟ್ಟಿಸಿದ್ದನ್ನು ಬಾಗಿಲಲ್ಲೇ ನಾನು ಕೆಡಿಸಿಬಿಟ್ಟಿದ್ದೆ.

"ಐದ ಕಾಯಿ" ಅಂದಳು ಪದ್ಮಾ.

"ನೀನೂ ಅಕ್ಕೋರ ಅಂದಿ. ಒಂದ ಸೇರ ತುಪ್ಪ."

ನಾನು ಮತ್ತೆ ಮೂರು ಮಜಲು ಇಳಿದು ಹೋದೆ. ನಮ್ಮಲ್ಲಿ ನರ್ಸಿಗೆ ಸಿಸ್ಟರ್ ಅನ್ನುತ್ತಾರೆ, ಟೀಚರಿಗೆ ಅಕ್ಕ ಅನ್ನುತ್ತಾರೆ, ನಾವು ಅಕ್ಕ-ತಂಗಿಯರಲ್ಲ, ನಾನೇ ಆ ಮೇಲ್ ಬರೆದವಳು ಎಂದು ನನ್ನ ಶಾಲೆಯ ಇಂಗ್ಲಿಷಿನಲ್ಲಿ ವಿವರಿಸಿದೆ. ಆತ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ನಿಮ್ಮ ದೇಶದಲ್ಲಿ ಎಲ್ಲರೂ ಸಿಸ್ಟರೇ ಏನು ಎಂದು ಕೇಳಿದ. ‘ಎಲ್ಲರೂ ಹೌದು, ಇವಳೊಬ್ಬಳನ್ನು ಬಿಟ್ಟು’ ಅಂದೆ. ದೊಡ್ಡ ಮಂಚದ ಕೋಣೆಗೆ ಅಷ್ಟರಲ್ಲಿ ಬೇರೆಯವರನ್ನು ಕಳಿಸಿಯಾಗಿತ್ತು, ಪಾಪ, ನೂರು ಸಲ ಕ್ಷಮೆ ಕೇಳಿದ. ಹೋಗುವ ಮೊದಲು ನಾನು ಬಾವುಟದ ತಪ್ಪನ್ನೂ ಹೇಳಿದೆ: ಕಾಮನಬಿಲ್ಲಿನಲ್ಲಿ ಏಳು ಬಣ್ಣ, ನಿಮ್ಮದರಲ್ಲಿ ಆರೇ ಇವೆ. ಜಗತ್ತಿನಲ್ಲೆಲ್ಲ ಆ ಬಾವುಟಕ್ಕೆ ಆರೇ ಎಂದು ಆತ ಹೇಳಿದರೂ ನನಗೆ ಸಮಾಧಾನವಾಗಲಿಲ್ಲ.

ಮೇಲೆ ಬಂದರೆ ಪದ್ಮಾ ಆಗಲೇ ಮಂಚಗಳನ್ನು ಎಳೆದು ಜೋಡಿಸಿದ್ದಳು. ನಡುವಿನ ಸಂದಿಗೆ, ನಾನು ಚಳಿಗೆಂದು ತಂದಿದ್ದ ಅಪ್ಪನ ಕರಿ ಕಂಬಳಿ ಮಡಚಿ ತುರುಕಿದ್ದಳು. ಕಂಬಳಿಗೆ ನಮ್ಮ ಮನೆತನದಲ್ಲಿ ದೊಡ್ಡ ಮಾನ; ದೇವರನ್ನೂ ಅದರ ಮೇಲೆ ಕೂಡಿಸುತ್ತೇವೆ. ಅಪ್ಪ ಇದ್ದಿದ್ದರೆ ಏನನ್ನುತ್ತಿದ್ದನೋ ಗೊತ್ತಿಲ್ಲ, ನನಗಂತೂ ಅಲ್ಲಿ ಸೊಗಸಾದ ನಿದ್ದೆ ಬಂತು.

ಎರಡನೇ ದಿನ: ಬಟಾಟೆಯ ದೇಶ

ಪದ್ಮಾ ನೆಲದ ಕೆಳಗೆ ಬೆಳೆದದ್ದನ್ನು ತಿನ್ನುವುದಿಲ್ಲ. ಉಳ್ಳಾಗಡ್ಡಿ, ಬೆಳ್ಳುಳ್ಳಿ, ಬಟಾಟೆ ಯಾವುದೂ ಆಗದು. ಹೊತ್ತು ಮುಳುಗಿದ ಮೇಲೆ ಬಾಯಿಗೆ ಅಗುಳು ಹಾಕುವುದಿಲ್ಲ. ನಾವು ಹೋದ ದೇಶದವರೋ ಬಟಾಟೆಯನ್ನು ಬೇಯಿಸಿ ತಿನ್ನುತ್ತಾರೆ, ಹಿಸುಕಿ ತಿನ್ನುತ್ತಾರೆ, ಕರಿದು ಕಾಗದದ ಪೊಟ್ಟಣದಲ್ಲಿ ಹಿಡಿದು ದಾರಿಯುದ್ದಕ್ಕೂ ತಿನ್ನುತ್ತ ನಡೆಯುತ್ತಾರೆ. ಒಂದು ಚಹಾದಂಗಡಿಯಲ್ಲಿ ಅವಳು ಹಾಲು ತರಿಸಿಕೊಂಡು, ಚೀಲದಿಂದ ಖಡಕ್ ರೊಟ್ಟಿ ತೆಗೆದು ಮುರಿದಳು. ಆ ಸಪ್ಪಳಕ್ಕೆ ಅಂಗಡಿಯವರೆಲ್ಲ ತಿರುಗಿ ನೋಡಿದರು. ಅಂಗಡಿಯಾಕೆ ಬಂದು ಇದೇನೆಂದು ಕೇಳಿ, ಶೇಂಗಾ ಚಟ್ನಿ ಹಚ್ಚಿ ಒಂದು ತುಂಡು ತಿಂದು, ಖಾರಕ್ಕೆ ಕಣ್ಣೊರೆಸಿಕೊಳ್ಳುತ್ತ ಇನ್ನೊಂದು ತುಂಡು ಬೇಡಿದಳು.

ಹೊತ್ತಿನ ವಿಷಯದಲ್ಲಿ ಮಾತ್ರ ಆ ದೇಶ ಪದ್ಮಾಳ ಕಡೆ ನಿಂತಿತು. ಆಗಸ್ಟಿನ ಮೊದಲ ವಾರ, ಸೂರ್ಯ ಮುಳುಗಲು ಒಂಬತ್ತು ದಾಟುತ್ತದೆ. ಮುಧೋಳದಲ್ಲಿ ಆರೂವರೆಗೆ ಉಂಡು ಕೈ ತೊಳೆಯುವವಳು ಇಲ್ಲಿ ಎಂಟೂವರೆಗೆ ಎರಡನೇ ಸಲ ಉಂಡಳು. "ಇಲ್ಲೀ ಸೂರ್ಯಾಗ ನಮ್ಮ ಧರ್ಮ ಗೊತ್ತೈತಿ" ಅಂದಳು. ಚಾತುರ್ಮಾಸದಲ್ಲಿ ಸಂಚಾರ ಮಾಡಬಾರದಲ್ಲ ಎಂದು ನಾನು ಕೆಣಕಿದರೆ, "ಅದು ಮುನಿಗಳಿಗೆ. ನಾ ಏನ ಮುನಿ ಅಲ್ಲ, ಸಂಸಾರಸ್ಥಿ" ಎಂದು ನನ್ನ ತೋಳು ಹಿಡಿದು ನಡೆದಳು.

ನಾನು ಭೂಗೋಳದವಳು, ನನ್ನ ಕಣ್ಣೆಲ್ಲ ನೀರಿನ ಮೇಲೆ. ಆ ದೇಶದ ಬಹಳಷ್ಟು ನೆಲ ಸಮುದ್ರಕ್ಕಿಂತ ತಗ್ಗಿನಲ್ಲಿದೆ. ಅವರು ನೀರನ್ನು ಎಬ್ಬಿಸಿ ಊರು ಕೂಡಿಸಿದ್ದಾರೆ, ನಮ್ಮಲ್ಲಿ ಊರನ್ನು ಎಬ್ಬಿಸಿ ನೀರು ಕೂಡಿಸಿದರು. ಕಾಲುವೆಯ ಬದಿಯ ಹಳೆಯ ಮನೆಗಳು ಒಂದರ ಹೆಗಲಿಗೆ ಒಂದು ಒರಗಿ ನಿಂತಿವೆ, ನೆತ್ತಿಯಲ್ಲಿ ಸಾಮಾನು ಎಳೆಯಲು ಕೊಕ್ಕೆ. ಅದನ್ನು ಬಾಯಿ ತೆರೆದು ನೋಡುತ್ತ ಸೈಕಲ್ಲಿನ ಕೆಂಪು ದಾರಿಗೆ ಕಾಲಿಟ್ಟು, ನನ್ನ ಅವ್ವನ ವಯಸ್ಸಿನ ಒಬ್ಬ ಮುದುಕಿಯಿಂದ ಬೈಸಿಕೊಂಡೆ. ಬೈಗುಳ ತಿಳಿಯಲಿಲ್ಲ, ಧಾಟಿ ಮಾತ್ರ ನಮ್ಮ ಬೆಳಗಲಿಯದೇ.

ಮಧ್ಯಾಹ್ನ ಫೋನು ಬಂತು. ಆ ಕಡೆಯಿಂದ ಅಪ್ಪಟ ನಮ್ಮ ಸೀಮೆಯ ದನಿ. "ಅಕ್ಕೋರ, ನಮಸ್ಕಾರ್ರಿ. ನಾನ್ರಿ, ಚಿಮ್ಮಡದ ಸಾವಿತ್ರಿ. ಮಾವನ ಮನ್ಯಾಗ ಇದ್ದ ನಿಮ್ಮ ಸಾಲಿಗೆ ಬರ್ತಿದ್ದೆ ನೋಡ್ರಿ." ಗಾಜಿನ ಮನೆಯಲ್ಲಿ ತರಕಾರಿ ಬೆಳೆಯುವುದನ್ನು ಕಲಿಯಲು ಆಕೆ ಆ ದೇಶಕ್ಕೆ ಬಂದು ಆರು ತಿಂಗಳಾಗಿತ್ತಂತೆ. ನಮ್ಮ ಶಾಲೆಯ ಹಳೆಯ ಮಕ್ಕಳ ಫೋನಿನ ಗುಂಪಿನಲ್ಲಿ ಯಾರೋ, ಅಕ್ಕೋರು ಆಮ್‌ಸ್ಟರ್‌ಡ್ಯಾಮಿಗೆ ಹೋಗಿದ್ದಾರೆಂದು ಹಾಕಿದ್ದರು. "ನಾಳೆ ಬರ್ತೀನ್ರಿ, ರೈಲಿನಾಗ ಎರಡ ತಾಸಿನ ದಾರಿ. ನಿಮ್ಮ ಕಾಲಿಗೆ ಬೀಳದ ಹೆಂಗ ಬಿಡ್ಲಿ."

ಬೇಡ ಅನ್ನಲಾಗದೆ ಹೋಟೆಲಿನ ಹೆಸರನ್ನೂ, ಮರುದಿನ ನಾವು ಕೂಡುವ ಕಾಲುವೆಯ ದಂಡೆಯನ್ನೂ ಹೇಳಿದೆ. ಫೋನು ಇಟ್ಟ ಮೇಲೆ ಹೆದರಿಕೆ ಶುರುವಾಯಿತು. ಅವಳಿಗೆ ಹೇಳಿದ್ದು ಆ ಗುಂಪಿಗೆ ಹೋಗುತ್ತದೆ, ಗುಂಪಿಗೆ ಹೋದದ್ದು ನಾವು ವಿಮಾನ ಹತ್ತುವುದರೊಳಗೆ ಮುಧೋಳ, ಬನಹಟ್ಟಿ, ಬೀಳಗಿ ತಿರುಗಿ ಬರುತ್ತದೆ. ಮೂವತ್ತಮೂರು ವರ್ಷ ಗಳಿಸಿದ ‘ಅಕ್ಕೋರು’ ಎಂಬ ಹೆಸರು ಅದರಲ್ಲಿ ಕೊಚ್ಚಿಹೋದರೆ? ಪದ್ಮಾ ಮಾತ್ರ ರೊಟ್ಟಿಯ ಚೂರನ್ನು ಪಾರಿವಾಳಗಳಿಗೆ ಹಾಕುತ್ತ, "ಸಿಕ್ಳಲ್ಲ, ನಮ್ಮ ಮಾತ ತಿಳಿಯೋಕಿ" ಅಂದಳು.

ಮೂರನೇ ದಿನ: ಕಾಲುವೆಯ ದಂಡೆ

ಆ ದಿನ ಊರಲ್ಲಿ ದೋಣಿಗಳ ಮೆರವಣಿಗೆ. ನಮ್ಮಂಥವರು, ನಮ್ಮಂಥವರ ಗೆಳೆಯರು, ದೋಣಿ ಶೃಂಗರಿಸಿ ಕಾಲುವೆಯಲ್ಲಿ ಸಾಗುತ್ತಾರೆ. ಊರೆಲ್ಲ ದಂಡೆಗೆ ಬಂದು ಕೂಡುತ್ತದೆ. ನೋಟಬುಕ್ಕಿನಲ್ಲಿ ಇದಕ್ಕೆ ನಾನು ಕೆಂಪು ಗೆರೆ ಎಳೆದಿದ್ದೆ.

ಮುಂಜಾನೆ ಮೊದಲು ನೀರಿನ ಬದಿಯ ಒಂದು ತ್ರಿಕೋನದ ಕಟ್ಟೆಗೆ ಹೋದೆವು. ಗುಲಾಬಿ ಬಣ್ಣದ ಕಲ್ಲು, ಮೆಟ್ಟಿಲಾಗಿ ನೀರಿಗೆ ಇಳಿಯುತ್ತದೆ. ಹಿಂದೆ, ಎರಡನೇ ಮಹಾಯುದ್ಧದ ಹೊತ್ತಿಗೆ, ನಮ್ಮಂಥವರನ್ನು ಹಿಡಿದು, ಅಂಗಿಗೆ ಗುಲಾಬಿ ತ್ರಿಕೋನ ಹೊಲಿದು, ಕೊಂದ ಕಾಲವಿತ್ತು. ಅವರ ನೆನಪಿಗೆ ಇದು. ಮೆಟ್ಟಿಲ ಮೇಲೆ ಯಾರು ಯಾರೋ ಇಟ್ಟ ಹೂ. ಮಂಚದ ತಪ್ಪಿಗೆಂದು ಹೋಟೆಲಿನ ಯಜಮಾನ ಕೊಟ್ಟಿದ್ದ ಹೂಗಳಲ್ಲಿ ಒಂದನ್ನು ಪದ್ಮಾ ಇಟ್ಟು, ಬಸದಿಯಲ್ಲಿ ನಿಲ್ಲುವ ಹಾಗೆ ಕೈ ಮುಗಿದು ಬಹಳ ಹೊತ್ತು ನಿಂತಳು. ನಾನು ಅತ್ತೆ. ಯಾರೆಂದು ಗೊತ್ತಿಲ್ಲದವರಿಗಾಗಿ ಅತ್ತದ್ದು ಅದೇ ಮೊದಲು.

ಮಧ್ಯಾಹ್ನ ದಂಡೆಯಲ್ಲಿ ಕಂಬಳಿ ಹಾಸಿ ಕೂತೆವು. ದೋಣಿಗಳು ಬಂದವು, ಒಂದರ ಹಿಂದೆ ಒಂದು. ಒಂದರಲ್ಲಿ ನಮ್ಮ ವಯಸ್ಸಿನ ಹೆಂಗಸರು, ಬೆಳ್ಳನೆಯ ಕೂದಲಿಗೆ ಹೂ ಮುಡಿದು ಕುಣಿಯುತ್ತಿದ್ದರು. ಒಂದರಲ್ಲಿ ಪೊಲೀಸರು, ನಮ್ಮನ್ನು ನೋಡಿ ಅವರೂ ಕೈ ಬೀಸಿದರು. ಪೊಲೀಸರ ಕಡೆ ನಾನು ತಿರುಗಿ ಕೈ ಬೀಸಿದ್ದು ಜನ್ಮದಲ್ಲಿ ಮೊದಲ ಸಲ. ದವಾಖಾನೆಯವರ ದೋಣಿ ಬಂದಾಗ ಪದ್ಮಾ ಎದ್ದು ನಿಂತು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೈ ಎತ್ತಿದಳು. ಅನಗವಾಡಿಯ ಹೊಳೆ ಏರಿದಾಗ ದೋಣಿಯಲ್ಲಿ ಹೋಗಿ ಬಾಣಂತಿಯರನ್ನು ನೋಡಿದವಳು. ಇವಳು ನನ್ನವಳು ಎಂದು ಆ ದಂಡೆಯ ಮಂದಿಗೆಲ್ಲ ಹೇಳಬೇಕೆನಿಸಿತು.

ಅಷ್ಟರಲ್ಲಿ ಯಾರೋ ನನ್ನ ಕಾಲು ಮುಟ್ಟಿದರು. ಸಾವಿತ್ರಿ. ಚೂಡಿದಾರದ ಮೇಲೆ ಕೋಟು, ಕೊರಳಲ್ಲಿ ತಾಳಿ, ಅದೇ ಶಾಲೆಯ ಕಾಲದ ನಗು. ಬಂದವಳೇ ನಮ್ಮಿಬ್ಬರನ್ನೂ ಸೇರಿಸಿ ಫೋಟೋ ತೆಗೆದಳು. "ಗ್ರೂಪಿಗೆ ಹಾಕ್ತೀನ್ರಿ ಅಕ್ಕೋರ" ಅಂದಳು. ಆಮೇಲೆ ಪದ್ಮಾಳ ಕಡೆ ತಿರುಗಿ, "ಇವ್ರು ಯಾರ್ರಿ?" ಎಂದು ಕೇಳಿದಳು.

ಮನೆಯಲ್ಲಿ ಧೈರ್ಯವಂತೆ ನಾನೇ ಎಂದು ನನ್ನ ಲೆಕ್ಕ. ಓಣಿಯ ಜಗಳಕ್ಕೆ ನಾನು, ಬಿಇಓ ಆಫೀಸಿನ ಜಗಳಕ್ಕೂ ನಾನು. ಅಂಥವಳ ಬಾಯಿಂದ ಬಂದದ್ದು ಇಷ್ಟು: "ಇವ್ರು... ಸಿಸ್ಟರ್. ಅಂದ್ರ, ಸರಕಾರಿ ದವಾಖಾನ್ಯಾಗ ನರ್ಸ್ ಇದ್ರು." ಸುಳ್ಳೂ ಅಲ್ಲ, ಖರೆಯೂ ಅಲ್ಲ.

ಪದ್ಮಾ ಸೊಂಟದ ಸೆರಗು ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡಳು. "ನಾ ಅಕ್ಕೋರ ಮನಿಯವ್ರು" ಅಂದಳು.

ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ, ‘ನಮ್ಮ ಮನಿಯವ್ರು’ ಅನ್ನುತ್ತಾಳೆ. ಗಂಡನೂ ಹೆಂಡತಿಗೆ ‘ನಮ್ಮ ಮನಿಯವ್ರು’ ಎಂದೇ ಅನ್ನುತ್ತಾನೆ. ಗಂಡಿಗೂ ಹೆಣ್ಣಿಗೂ ಒಂದೇ ಮಾತು. ದಿನಕ್ಕೆ ಹತ್ತು ಸಲ ಕಿವಿಗೆ ಬೀಳುವ ಆ ಮಾತು ನಮಗಾಗಿ ಖಾಲಿ ಬಿದ್ದಿದೆ ಎಂದು ನನಗೆ ಹೊಳೆದೇ ಇರಲಿಲ್ಲ.

"ಮನಿಯವ್ರು ಅಂದ್ರ... ತಂಗ್ಯಾರೇನ್ರಿ?" ಸಾವಿತ್ರಿ ನನ್ನನ್ನೇ ಕೇಳಿದಳು.

ಹೂಂ ಅಂದರೆ ಮುಗಿಯುತ್ತಿತ್ತು. ಪದ್ಮಾ ನನ್ನ ಕಡೆ ನೋಡಲಿಲ್ಲ, ನೀರಿನ ಕಡೆ ನೋಡುತ್ತಿದ್ದಳು. "ತಂಗಿ ಅಲ್ಲವ್ವಾ" ಅಂದೆ. "ನಿನ್ನ ಮನಿಯವ್ರು ನಿನಗ ಹೆಂಗೋ, ಇವ್ರು ನನಗ ಹಂಗ. ಹದಿನೈದ ವರ್ಷ ಆತು."

ಸಾವಿತ್ರಿಯ ನಗು ಇಳಿಯಿತು. "ಹೌದ್ರಿ?" ಅಂದಳು. ಎರಡು ದೋಣಿ ಹೋದವು. ಆಮೇಲೆ ಕೈಯಲ್ಲಿದ್ದ ಪರ್ಸನ್ನು ತೆರೆದು ನೋಡಿ, ಮುಚ್ಚಿ, "ರೈಲಿನ ಟೈಮ್ ಆತ್ರಿ ಅಕ್ಕೋರ, ಬರ್ತೀನ್ರಿ" ಎಂದು ಮಂದಿಯಲ್ಲಿ ಸೇರಿ ಹೋದಳು. ಬಂದು ಅರ್ಧ ತಾಸೂ ಆಗಿರಲಿಲ್ಲ.

ಅದೇ ಸಂಜೆ

ಸಂಜೆ ಎಂಟಾದರೂ ಸುಡುಗಾಡು ಸೂರ್ಯ ಮುಳುಗಲೊಲ್ಲ. ನಾನು ಕೋಣೆಯಲ್ಲಿ ಗೋಡೆಯಿಂದ ಗೋಡೆಗೆ ಅಡ್ಡಾಡಿದೆ. ಫೋನು ತೆಗೆದು ಗುಂಪನ್ನು ನೋಡಿದೆ, ಫೋಟೋ ಬಂದಿರಲಿಲ್ಲ. ಬಂದಿದ್ದರೆ ಹೆದರುತ್ತಿದ್ದೆ, ಬರಲಿಲ್ಲವೆಂದು ಇನ್ನೂ ಹೆದರಿದೆ. ಅಕ್ಕೋರು ಇಂಥವರು ಎಂದು ಆ ಹುಡುಗಿಗೆ ಹೇಸಿಗೆಯಾಗಿರಬೇಕು, ಫೋಟೋ ಅಳಿಸಿರಬೇಕು ಅಂದುಕೊಂಡೆ.

"ಹೇಳಿದ್ದಕ್ಕ ಕೆಡಕ ಅನಸಾಕತ್ತೈತೇನ?" ಪದ್ಮಾ ಕೇಳಿದಳು.

ನಾನು ನಿಂತು ಯೋಚಿಸಿದೆ. ಹೆದರಿಕೆ ಇತ್ತು, ಆದರೆ ಕೆಟ್ಟದ್ದು ಅನಿಸುತ್ತಿರಲಿಲ್ಲ. ಹದಿನೈದು ವರ್ಷದ ಒಂದು ತಪ್ಪನ್ನು ಕೆಂಪು ಶಾಯಿಯಲ್ಲಿ ತಿದ್ದಿದ ಹಾಗಿತ್ತು. "ಇಲ್ಲ. ಮೊದಲ ನೀ ಹೇಳಿದ್ದಕ್ಕ ಹೊಟ್ಟಿಕಿಚ್ಚ ಆಗೈತಿ" ಅಂದೆ.

ಅವಳು ನಕ್ಕು, ಹೊತ್ತು ಮುಳುಗುವ ಮೊದಲು ಉಣ್ಣಲು ಕರೆದಳು.

ನಾಲ್ಕನೇ ದಿನ: ಕೌಂಟರಿನ ಮುಂದೆ

ಮರುದಿನ ಮುಂಜಾನೆ ಕೆಳಗಿನಿಂದ ಯಜಮಾನ ಫೋನು ಮಾಡಿದ: ನಿಮ್ಮನ್ನು ನೋಡಲು ಒಬ್ಬ ಹೆಂಗಸು ಬಂದಿದ್ದಾರೆ. ಇಳಿದು ಹೋದೆವು. ಸಾವಿತ್ರಿ ರೇಷ್ಮೆ ಸೀರೆ ಉಟ್ಟು, ಎರಡು ಕೈಯಲ್ಲಿ ಎರಡು ಚೀಲ ಹಿಡಿದು ನಿಂತಿದ್ದಳು. ಆ ಮುಂಜಾನೆಯ ಚಳಿಯಲ್ಲಿ ರೈಲಿನಲ್ಲಿ ಎರಡು ತಾಸು ರೇಷ್ಮೆ ಸೀರೆಯಲ್ಲಿ ಕೂತು ಬಂದಿದ್ದಳು.

"ತಪ್ಪಾತ್ರಿ ಅಕ್ಕೋರ" ಎಂದು ಶುರು ಮಾಡಿದಳು. "ನಿನ್ನಿ ನಾ ಬರಿಗೈಲೇ ಬಂದಿದ್ದೆ. ನೀವ ಮನಿಯವ್ರು ಅಂದ್ರಿ. ಮನಿಯವ್ರನ್ನ ಕರಕೊಂಡ ಬಂದೋರನ್ನ ಉಡಿ ತುಂಬದ ಹೆಂಗ ಕಳಸೂದ್ರಿ? ಪರ್ಸಿನಾಗ ನೋಡಿದ್ರ ಒಂದ ಅಡಕಿ ಸೈತ ಇರಲಿಲ್ಲ."

ನಾನು ಅವಳ ಕೈಯ ಒಂದು ಚೀಲ ಇಸಿದುಕೊಂಡೆ.

"ಖರೆ ಹೇಳತೀನ್ರಿ, ಮೊದಲ ನನಗ ಏನೂ ತಿಳೀಲಿಲ್ಲ" ಎಂದು ತಲೆ ತಗ್ಗಿಸಿ ಮುಂದುವರಿಸಿದಳು. "ಇಬ್ರಿಗೂ ತುಂಬಬಹುದೋ ಇಲ್ಲೋ, ಯಾರನ್ನ ಕೇಳ್ಲಿ? ರೈಲಿನಾಗ ಕುಂತ ಚಿಮ್ಮಡಕ್ಕ ಅವ್ವಗ ಫೋನ್ ಹಚ್ಚಿದೆ."

"ಏನಂದ್ರು ಅವ್ವ?" ಪದ್ಮಾ ಕೇಳಿದಳು.

"ಫೋನ್ ಕಟ್ ಆತೇನಂತ ನಾ ಹಲೋ ಹಲೋ ಅಂದೆ. ಆಮ್ಯಾಲ ಅಂದ್ಳು, ‘ಹದಿನೈದ ವರ್ಷ ಒಂದ ಒಲಿ ಮ್ಯಾಲ ಬಾಳೇ ಮಾಡ್ಯಾರಂದ್ರ ಇನ್ನೇನ ಕೇಳ್ತಿ, ತುಂಬು. ಇಬ್ರಿಗೂ ತುಂಬು. ಒಬ್ರಿಗೆ ತುಂಬಿ ಒಬ್ರಿಗೆ ಬಿಡಬ್ಯಾಡ.’"

ನಾನು ಆ ದಿನ ಪದ್ಮಾಳ ಮಾತು ಕೇಳಿ ಚೂಡಿದಾರ ಹಾಕಿದ್ದೆ, ಮೈಮೇಲೆ ಸೆರಗೇ ಇರಲಿಲ್ಲ. ಮೂರು ಮಜಲು ಹತ್ತಿ, ಇಳಕಲ್ ಸೀರೆ ಸುತ್ತಿಕೊಂಡು, ಮೂರು ಮಜಲು ಇಳಿದು ಬಂದೆ. ಮೊಣಕಾಲು ಗಟ್ಟಿಯಿದ್ದದ್ದು ಉಪಯೋಗಕ್ಕೆ ಬಂತು.

ಯಜಮಾನ ಎರಡು ಕುರ್ಚಿ ಕೊಟ್ಟ. ಅದರ ಮೇಲೆ ಕಂಬಳಿ ಹಾಸಿ ಮೂಡಣಕ್ಕೆ ಮುಖ ಮಾಡಿ ಕೂತೆವು. ಸಾವಿತ್ರಿ ಅರಿಷಿಣ ಕುಂಕುಮ ಹಚ್ಚಿದಳು. ಸುರಿನಾಮಿನವರ ಅಂಗಡಿಯ ಕೊಬ್ಬರಿ, ಅರಿಷಿಣ ಬೇರು. ಮೊರೊಕ್ಕೊದವರ ಅಂಗಡಿಯ ಖರ್ಜೂರ. ಎಲ್ಲಿಯದೋ ಸಣ್ಣ ದುಂಡನೆಯ ಅಕ್ಕಿ. ಇಲ್ಲಿಯ ಗೆಳತಿಯರಿಗೆ ಕೊಡಲೆಂದು ಊರಿಂದ ತಂದಿದ್ದ ಗುಳೇದಗುಡ್ಡದ ಎರಡು ಖಣ. ವೀಳ್ಯದೆಲೆ ಸಿಕ್ಕಿರಲಿಲ್ಲ, ತನ್ನ ಗಾಜಿನ ಮನೆಯ ದೊಣ್ಣಮೆಣಸಿನ ಗಿಡದ ಎಲೆ ಕಿತ್ತು ತಂದಿದ್ದಳು. "ನಡೀತೈತಿಲ್ರಿ?" ಎಂದು ಕೇಳಿದಳು. ನಡೀತೈತಿ ಅಂದೆ. ಬೊಗಸೆಯಿಂದ ಐದು ಸಲ ನನ್ನ ಸೆರಗಿಗೆ, ಐದು ಸಲ ಪದ್ಮಾಳ ಸೆರಗಿಗೆ ಸುರಿದಳು. ಅಷ್ಟು ಭಾರ ಇರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಅರವತ್ತು ವರ್ಷಕ್ಕೆ ಮೊದಲ ಉಡಿ. ಪಕ್ಕದಲ್ಲಿ ಪದ್ಮಾ ಸೆರಗು ಬಿಡದೆ ಅಳುತ್ತಿದ್ದಳು. ಮನೆ ಮುಳುಗಿದಾಗಲೂ ಅತ್ತಿರಲಿಲ್ಲ ಅವಳು.

ಸಾವಿತ್ರಿ ನಮ್ಮಿಬ್ಬರ ಕಾಲಿಗೂ ಬಿದ್ದಳು. ಎದ್ದು, "ಫೋಟೋ ಹಾಕ್ಲೇನ್ರಿ ಗ್ರೂಪಿಗೆ?" ಎಂದು ಕೇಳಿದಳು. "ನಿಮ್ಮನ್ನ ಕೇಳದ ಹಾಕಬಾರ್ದಂತ ಬಿಟ್ಟಿದ್ದೆ."

ಪದ್ಮಾ ನನ್ನ ಕಡೆ ನೋಡಿದಳು. "ಹಾಕವ್ವಾ" ಅಂದೆ. "ಕೆಳಗ ‘ಅಕ್ಕೋರು, ಅಕ್ಕೋರ ಮನಿಯವ್ರು’ ಅಂತ ಬರಿ. ‘ಅಕ್ಕೋರು’ಗೆ ಕ ಒತ್ತು ಬಿಡಬ್ಯಾಡ. ಸಾಲ್ಯಾಗ ಯಾವಾಗ್ಲೂ ಬಿಡತಿದ್ದಿ."

ಮುಧೋಳ, ತಿರುಗಿ ಬಂದ ಮೇಲೆ

ಉಡಿಯಕ್ಕಿಯನ್ನು ಚೆಲ್ಲುವಂತಿಲ್ಲ. ಎರಡು ಗಂಟು ಕಟ್ಟಿ ಕೈಚೀಲದಲ್ಲೇ ತಂದೆವು. ಬಂದ ಮರುದಿನ ಎರಡೂ ಗಂಟು ಒಂದೇ ಪಾತ್ರೆಗೆ ಬಿಚ್ಚಿ, ಬೆಲ್ಲ ಹಾಕಿ ಹುಗ್ಗಿ ಮಾಡಿ, ಓಣಿಗೆಲ್ಲ ಹಂಚಲು ಹೊರಟೆವು. ಅಷ್ಟರಲ್ಲಿ ಫೋಟೋ ಎಲ್ಲೆಲ್ಲಿ ತಿರುಗಿತ್ತೋ ಗೊತ್ತಿಲ್ಲ. ಗುಂಪಿನಲ್ಲಿ ಕೆಲವರು ಕೈ ಮುಗಿದ ಚಿತ್ರ ಕಳಿಸಿದ್ದರು, ಇಬ್ಬರು ಗುಂಪು ಬಿಟ್ಟು ಹೋಗಿದ್ದರು. ಜಮಖಂಡಿಯ ತಮ್ಮ ಫೋನು ಎತ್ತಿರಲಿಲ್ಲ. ಆದರೂ ನಾನು ಕುತ್ತಿಗೆ ನೆಟ್ಟಗೆ ಮಾಡಿಕೊಂಡೇ ನಡೆದೆ, ಪದ್ಮಾ ಪಕ್ಕದಲ್ಲಿದ್ದಳು.

ಮೊದಲು ಎದುರು ಮನೆ. ಗಂಗವ್ವ ಬಟ್ಟಲು ತೆಗೆದುಕೊಂಡು, "ಪರದೇಶಕ್ಕ ಹೋದೋರು ಚಾಕಲೇಟ್ ತರ್ತಾರ, ನೀವ ಹುಗ್ಗಿ ತಂದೀರಿ" ಅಂದಳು.

"ಉಡಿಯಕ್ಕಿ ಹುಗ್ಗಿ ಗಂಗವ್ವಾ" ಅಂದೆ.

"ಯಾರಿಗೆ ತುಂಬಿದ್ರು?"

"ನಮಗ. ಇಬ್ರಿಗೂ."

ಗಂಗವ್ವ ನನ್ನನ್ನು ನೋಡಿದಳು. ಪದ್ಮಾಳನ್ನು ನೋಡಿದಳು. ನಮ್ಮ ಹಿಂದೆ, ಹದಿನೈದು ವರ್ಷದಿಂದ ದಿನಾ ಕಾಣುವ ನಮ್ಮ ಬಾಗಿಲನ್ನೂ ಒಮ್ಮೆ ನೋಡಿದಳು. ಎಷ್ಟೋ ಸಲ ಅವಳೇ ನಮ್ಮ ಕೈಗೆ ಬಾಳೆಹಣ್ಣು ಕೊಟ್ಟು ಊಟಕ್ಕೆ ಕಳಿಸಿದ್ದಳು. ಬೆರಳಿನಿಂದ ಹುಗ್ಗಿ ನೆಕ್ಕಿ, "ಬೆಲ್ಲ ಒಂದೀಟ ಕಡಿಮಿ ಆಗೈತಿ" ಅಂದಳು. ನಾವು ಮುಂದಿನ ಮನೆಗೆ ಹೊರಳಿದೆವು.

"ಅಕ್ಕೋರ" ಎಂದು ಹಿಂದಿನಿಂದ ಕರೆದಳು. "ಮುಂದಿನ ತಿಂಗಳ ನಮ್ಮ ಸೊಸಿ ಕುಬಸ ಐತಿ. ಇಬ್ರೂ ಬರ್ರಿ. ಬರುವಾಗ ಸೆರಗ ಒಂದೀಟ ಉದ್ದ ಬಿಟಗೊಂಡ ಬರ್ರಿ."